ಅಪ್ಪನ ಕಾಯಿಲೆಯನ್ನು ಅಪ್ಪನಿಂದಲೇ ಮುಚ್ಚಿಡಬೇಕೆ?

ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ತಿಳಿದ ಮೇಲೆ ಮನೆಯವರು ಮಾಡಬೇಕಾದದ್ದೇನು?

ಸ್ಕ್ಯಾನಿಂಗ್ ವರದಿ ಕೈಗೆ ಬಂದ ದಿನ ಮಕ್ಕಳು ಡಾಕ್ಟರನ್ನು ಪಕ್ಕಕ್ಕೆ ಕರೆದು ಹೇಳುವ ಮೊದಲ ಮಾತು ಹೆಚ್ಚಿನ ಮನೆಗಳಲ್ಲಿ ಒಂದೇ: ‘ಅಪ್ಪನಿಗೆ ಮಾತ್ರ ಹೇಳಬೇಡಿ.’ ಈ ಮಾತನ್ನು ಆಡಿಸುವುದು ಪ್ರೀತಿಯೇ, ಅದರಲ್ಲಿ ಸಂಶಯವಿಲ್ಲ. ಕ್ಯಾನ್ಸರ್ ಎಂಬ ಹೆಸರು ಕೇಳಿದರೆ ವಯಸ್ಸಾದವರು ಕುಸಿದುಹೋಗುತ್ತಾರೆ, ಊಟ ಬಿಟ್ಟು ಮಲಗಿಬಿಡುತ್ತಾರೆ ಎಂಬ ಭಯ ಮಕ್ಕಳಿಗೆ. ಆದರೆ ಆ ದಿನದಿಂದ ಒಂದೇ ಮನೆಯಲ್ಲಿ ಎರಡು ಪಂಗಡಗಳಾಗುತ್ತವೆ. ಚಾವಡಿಯಲ್ಲಿ ರೋಗಿ ಒಬ್ಬರೇ, ಅಡುಗೆಮನೆಯಲ್ಲಿ ಪಿಸುಮಾತಿನ ಮನೆಮಂದಿ. ತನ್ನ ದೇಹದಲ್ಲಿ ಏನಾಗುತ್ತಿದೆ ಎಂದು ಕೇಳಿದರೆ ‘ಏನಿಲ್ಲ, ಗ್ಯಾಸ್ಟ್ರಿಕ್’ ಎಂಬ ಉತ್ತರ. ದಿನದಿಂದ ದಿನಕ್ಕೆ ತೂಕ ಇಳಿಯುತ್ತಿರುವ ಮನುಷ್ಯ ಈ ಉತ್ತರವನ್ನು ಎಷ್ಟು ದಿನ ನಂಬಿಯಾರು?

ಪಶ್ಚಿಮ ಘಟ್ಟದ ಬುಡದಲ್ಲಿರುವ, ಸೋಲಾರ್ ದೀಪಗಳಿಂದ ಹೆಸರಾದ ಕುಂದಾಪುರ ತಾಲೂಕಿನ ಅಮಾಸೆಬೈಲನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅಮಾಸೆಬೈಲು, ಮಚ್ಚಟ್ಟು, ರಟ್ಟಾಡಿ ಕಡೆಯ ಊರುಗಳೆಂದರೆ ತೋಟ, ಗದ್ದೆ, ನಡುನಡುವೆ ಕಾಡು, ದೂರ ದೂರದ ಮನೆಗಳು. ಮಕ್ಕಳಲ್ಲಿ ಒಬ್ಬ ಊರಿನಲ್ಲಿದ್ದರೆ ಉಳಿದವರು ಬೆಂಗಳೂರಿನಲ್ಲೋ, ಮುಂಬಯಿಯಲ್ಲೋ, ಗಲ್ಫಿನಲ್ಲೋ ಇರುತ್ತಾರೆ. ದೊಡ್ಡ ತಪಾಸಣೆ ಏನೇ ಇದ್ದರೂ ಕುಂದಾಪುರಕ್ಕೆ, ಉಡುಪಿಗೆ ಅಥವಾ ಮಣಿಪಾಲಕ್ಕೆ ಹೋಗಬೇಕು. ಹೋಗಿ, ಸಾಲಿನಲ್ಲಿ ಕುಳಿತು, ತೋರಿಸಿ ಬರುವಾಗ ಒಂದು ದಿನವೇ ಕಳೆಯುತ್ತದೆ. ಇಂಥ ಕಡೆ ರೋಗಿಯ ಆರೈಕೆಯ ಬಹುಪಾಲು ನಡೆಯುವುದು ಆಸ್ಪತ್ರೆಯ ಹಾಸಿಗೆಯಲ್ಲಲ್ಲ, ಮನೆಯಲ್ಲಿ. ಆದ್ದರಿಂದ ಈ ಕಾಯಿಲೆಯ ಬಗ್ಗೆ ಮನೆಯವರಿಗೆ ಒಂದಿಷ್ಟು ಸರಿಯಾದ ತಿಳಿವಳಿಕೆ ಇರುವುದು ಅಗತ್ಯ. ಇಲ್ಲಿ ಅಪ್ಪ ಎಂದು ಬರೆದುದೆಲ್ಲ ಅಮ್ಮನಿಗೂ ಅನ್ವಯಿಸುತ್ತದೆ ಎಂದು ಓದುಗರು ತಿಳಿಯಬೇಕು.

ಎಲ್ಲಿದೆ ಈ ಗ್ರಂಥಿ?

ಮೇದೋಜೀರಕ ಗ್ರಂಥಿ, ಅಂದರೆ ಡಾಕ್ಟರು ಪ್ಯಾಂಕ್ರಿಯಾಸ್ ಎಂದು ಕರೆಯುವ ಅಂಗ, ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿರುತ್ತದೆ. ಉದ್ದ ಸುಮಾರು 15 ಸೆಂಟಿಮೀಟರ್. ಇದರ ಕೆಲಸ ಎರಡು. ನಾವು ತಿಂದ ಪಿಷ್ಟ, ಪ್ರೋಟೀನು, ಕೊಬ್ಬನ್ನು ಅರಗಿಸುವ ರಸವನ್ನು ಸಣ್ಣ ಕರುಳಿಗೆ ಸುರಿಸುವುದು ಒಂದು. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ತಯಾರಿಸುವುದು ಇನ್ನೊಂದು.

ಹೊಟ್ಟೆಯ ಇಷ್ಟು ಒಳಗೆ ಅಡಗಿರುವುದರಿಂದ ಇಲ್ಲಿ ಬೆಳೆಯುವ ಗಡ್ಡೆ ಮೊದಮೊದಲು ಕೈಗೆ ಸಿಗುವುದಿಲ್ಲ, ನೋವನ್ನೂ ಕೊಡುವುದಿಲ್ಲ. ಗೊತ್ತಾಗುವಷ್ಟರಲ್ಲಿ ಹೆಚ್ಚಿನವರಲ್ಲಿ ಅದು ಪಕ್ಕದ ರಕ್ತನಾಳಗಳಿಗೋ, ಯಕೃತ್ತಿಗೋ ಹಬ್ಬಿರುತ್ತದೆ. 2022ರ ಅಂದಾಜಿನಂತೆ ಪ್ರಪಂಚದಲ್ಲಿ ಒಂದು ವರ್ಷಕ್ಕೆ ಸುಮಾರು 5 ಲಕ್ಷ ಜನರಿಗೆ ಈ ಕ್ಯಾನ್ಸರ್ ಬರುತ್ತದೆ, 4 ಲಕ್ಷ 60 ಸಾವಿರಕ್ಕೂ ಹೆಚ್ಚು ಜನ ಇದರಿಂದ ಸಾಯುತ್ತಾರೆ. ಈ ಎರಡು ಸಂಖ್ಯೆಗಳು ಇಷ್ಟು ಹತ್ತಿರ ಇರುವುದೇ ಕಾಯಿಲೆ ಎಷ್ಟು ಕಠಿಣ ಎಂಬುದನ್ನು ತೋರಿಸುತ್ತದೆ. ಅಮೆರಿಕದಂಥ ದೇಶದಲ್ಲೂ ಕಾಯಿಲೆ ಪತ್ತೆಯಾಗಿ 5 ವರ್ಷ ಬದುಕುವವರು 100ರಲ್ಲಿ ಸುಮಾರು 13 ಮಂದಿ ಮಾತ್ರ. ಬಾಯಿಯ ಅಥವಾ ಸ್ತನದ ಕ್ಯಾನ್ಸರಿನಷ್ಟು ಇದು ನಮ್ಮ ದೇಶದಲ್ಲಿ ಸಾಮಾನ್ಯವಲ್ಲ ಎಂಬುದೊಂದೇ ಸಮಾಧಾನ.

ಬೀಡಿ, ಸಿಗರೇಟು ಸೇದುವವರಲ್ಲಿ ಇದರ ಸಾಧ್ಯತೆ ಸುಮಾರು ಎರಡು ಪಟ್ಟು. ದೀರ್ಘಕಾಲದ ಮೇದೋಜೀರಕ ಉರಿಯೂತ, ಬೊಜ್ಜು, ಬಹುಕಾಲದ ಸಕ್ಕರೆ ಕಾಯಿಲೆ, ವಂಶದಲ್ಲಿ ಇದೇ ಕಾಯಿಲೆ ಇರುವುದು, ಇವು ಇತರ ಕಾರಣಗಳು. ಇವು ಯಾವುವೂ ಇಲ್ಲದವರಿಗೂ ಬರಬಹುದು. ಆದ್ದರಿಂದ ‘ಯಾರ ತಪ್ಪಿನಿಂದ ಬಂತು’ ಎಂಬ ವಿಚಾರಣೆಯನ್ನು ಮನೆಯಲ್ಲಿ ನಡೆಸುವುದು ಬೇಡ. ಇದು ಅಂಟುರೋಗವಲ್ಲ. ಬೇರೆ ತಟ್ಟೆ, ಬೇರೆ ಲೋಟ, ಬೇರೆ ಕೋಣೆ ಯಾವುದೂ ಬೇಕಾಗಿಲ್ಲ. ಮೊಮ್ಮಕ್ಕಳು ಅಜ್ಜನ ಪಕ್ಕದಲ್ಲಿ ಧಾರಾಳವಾಗಿ ಮಲಗಬಹುದು.

ನೋವಿಲ್ಲದ ಕಾಮಾಲೆ

ಗ್ರಂಥಿಯ ತಲೆಭಾಗದ ಮೂಲಕವೇ ಪಿತ್ತನಾಳ ಹಾದುಹೋಗುತ್ತದೆ. ಅಲ್ಲಿ ಗಡ್ಡೆ ಬೆಳೆದಾಗ ನಾಳ ಒತ್ತಿಹೋಗಿ ಪಿತ್ತ ಹಿಂದಕ್ಕೆ ಸರಿದು ರಕ್ತಕ್ಕೆ ಸೇರುತ್ತದೆ. ಕಣ್ಣು, ಮೈ ಹಳದಿಯಾಗುತ್ತವೆ. ಮೂತ್ರ ಕಡುಬಣ್ಣಕ್ಕೆ ತಿರುಗುತ್ತದೆ, ಮಲ ಮಾತ್ರ ಬಿಳಿಚಿಕೊಳ್ಳುತ್ತದೆ. ಮೈಯೆಲ್ಲ ತುರಿಕೆ. ಆದರೆ ಜ್ವರವಿಲ್ಲ, ಹೊಟ್ಟೆನೋವಿಲ್ಲ.

ನಮ್ಮ ಕಡೆ ಕಾಮಾಲೆ ಎಂದೊಡನೆ ಮೊದಲು ನೆನಪಾಗುವುದು ನಾಟಿ ಮದ್ದು. ನೆಲನೆಲ್ಲಿ ಅರೆದು ಕುಡಿಸುವುದು, ಪಥ್ಯ ಮಾಡಿಸುವುದು, ಕೆಲವೆಡೆ ಕೈಗೆ ಬರೆ ಹಾಕಿಸುವುದೂ ಉಂಟು. ವೈರಸ್ಸಿನಿಂದ ಬರುವ ಸಾಮಾನ್ಯ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಮದ್ದಿಗೆ ಕೀರ್ತಿ ಬರುತ್ತದೆ. ಆದರೆ ನಾಳ ಕಟ್ಟಿಕೊಂಡು ಬಂದ ಕಾಮಾಲೆ ಮದ್ದು, ಪಥ್ಯಗಳಿಗೆ ಇಳಿಯುವುದಿಲ್ಲ. ಆ ವಾರಗಳು ಅತ್ಯಂತ ಬೆಲೆಬಾಳುವ ವಾರಗಳು ಎಂಬುದು ಆಮೇಲೆ ತಿಳಿಯುತ್ತದೆ. 50 ದಾಟಿದವರಲ್ಲಿ ನೋವಿಲ್ಲದ ಕಾಮಾಲೆ ಕಾಣಿಸಿಕೊಂಡರೆ ಒಂದು ದಿನವೂ ತಡಮಾಡದೆ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಬೇಕು. ಇದು ಕುಂದಾಪುರದಲ್ಲೇ ಆಗುವ ಪರೀಕ್ಷೆ.

ಕಾಮಾಲೆ ಇಲ್ಲದೆಯೂ ಕಾಯಿಲೆ ಇರಬಹುದು. ಮೇಲುಹೊಟ್ಟೆಯಿಂದ ಬೆನ್ನಿಗೆ ಹೊಡೆಯುವ, ಮಲಗಿದರೆ ಹೆಚ್ಚಾಗಿ ಮುಂದಕ್ಕೆ ಬಾಗಿ ಕುಳಿತರೆ ಕಡಿಮೆಯಾಗುವ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಎಣ್ಣೆಯಂತೆ ತೇಲುವ ಮಲ, ತೆಳ್ಳಗಿರುವ ಹಿರಿಯರಿಗೆ ಹೊಸದಾಗಿ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವುದು, ಇವೆಲ್ಲ ಗಮನಿಸಬೇಕಾದ ಸೂಚನೆಗಳು. ಹೀಗಿರುವವರಲ್ಲಿ ಬಹುಮಂದಿಗೆ ಕ್ಯಾನ್ಸರ್ ಇರುವುದಿಲ್ಲ, ಹೆದರಬೇಕಾಗಿಲ್ಲ. ಆದರೆ ಪರೀಕ್ಷೆ ಮಾಡಿಸಿ ಇಲ್ಲವೆಂದು ಖಚಿತಪಡಿಸಿಕೊಳ್ಳುವುದು ಒಳಿತು.

ವರದಿ ಬಂದ ಮೇಲೆ ಕೇಳಬೇಕಾದದ್ದು

ಸಿ.ಟಿ. ಸ್ಕ್ಯಾನ್, ಎಂಡೋಸ್ಕೋಪಿಯ ಮೂಲಕ ಮಾಡುವ ಅಲ್ಟ್ರಾಸೌಂಡ್, ಗಡ್ಡೆಯ ತುಣುಕು ತೆಗೆದು ನೋಡುವ ಬಯಾಪ್ಸಿ, ಇವುಗಳಿಂದ ಕಾಯಿಲೆಯ ಹಂತ ನಿರ್ಧಾರವಾಗುತ್ತದೆ. ಡಾಕ್ಟರ ಕೋಣೆಯಲ್ಲಿ ಗಾಬರಿಯಿಂದ ಅರ್ಧ ಮಾತು ಕೇಳಿಸುವುದೇ ಇಲ್ಲ. ಆದ್ದರಿಂದ ಪ್ರಶ್ನೆಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಹೋಗಿ, ಉತ್ತರಗಳನ್ನೂ ಅದರಲ್ಲೇ ಬರೆದುಕೊಳ್ಳಿ.

1. ಇದು ಯಾವ ಜಾತಿಯ ಗಡ್ಡೆ? ಈ ಗ್ರಂಥಿಯ ಕ್ಯಾನ್ಸರುಗಳಲ್ಲಿ 100ಕ್ಕೆ ಸುಮಾರು 90 ಒಂದೇ ಜಾತಿಯವು, ವೇಗವಾಗಿ ಹಬ್ಬುವಂಥವು. ಉಳಿದ ಕೆಲವು ನಿಧಾನವಾಗಿ ಬೆಳೆಯುತ್ತವೆ. ಆ್ಯಪಲ್ ಕಂಪೆನಿಯ ಸ್ಟೀವ್ ಜಾಬ್ಸ್‌ಗೆ 2003ರಲ್ಲಿ ಪತ್ತೆಯಾದದ್ದು ಈ ಎರಡನೆಯ ಬಗೆ. ಅವರು 2011ರವರೆಗೆ ಬದುಕಿದ್ದರು. ಅದೇ ಗ್ರಂಥಿ, ಬೇರೆ ಗಡ್ಡೆ. ಇನ್ನೊಬ್ಬರ ಕಥೆಯನ್ನು ನಮ್ಮ ಮನೆಯ ರೋಗಿಗೆ ಅಳವಡಿಸುವ ಮೊದಲು ಇದನ್ನು ತಿಳಿಯಬೇಕು.

2. ಶಸ್ತ್ರಚಿಕಿತ್ಸೆ ಸಾಧ್ಯವೆ? ಪತ್ತೆಯಾದ 100 ಜನರಲ್ಲಿ 15ರಿಂದ 20 ಮಂದಿಗೆ ಮಾತ್ರ ಗಡ್ಡೆಯನ್ನು ಪೂರ್ತಿ ತೆಗೆಯಲು ಸಾಧ್ಯವಾಗುತ್ತದೆ. ತಲೆಭಾಗದ ಗಡ್ಡೆಗೆ ಮಾಡುವ ಆಪರೇಷನ್ನಿಗೆ 1935ರಲ್ಲಿ ಅದನ್ನು ವಿವರಿಸಿದ ನ್ಯೂಯಾರ್ಕಿನ ಶಸ್ತ್ರವೈದ್ಯ ಅಲೆನ್ ವಿಪ್ಪಲ್ ಅವರ ಹೆಸರಿದೆ. ಗ್ರಂಥಿಯ ತಲೆ, ಸಣ್ಣ ಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ಒಂದು ಭಾಗ ಇಷ್ಟನ್ನೂ ತೆಗೆದು ಮತ್ತೆ ಜೋಡಿಸುವ ದೊಡ್ಡ ಶಸ್ತ್ರಕ್ರಿಯೆ ಇದು. ಇದನ್ನು ಮೇಲಿಂದ ಮೇಲೆ ಮಾಡುವ ಆಸ್ಪತ್ರೆಗಳಲ್ಲಿ ಫಲಿತಾಂಶ ಉತ್ತಮವಾಗಿರುತ್ತದೆ. ‘ಇಲ್ಲಿ ವರ್ಷಕ್ಕೆ ಎಷ್ಟು ಮಾಡುತ್ತೀರಿ’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

3. ಈ ಚಿಕಿತ್ಸೆಯ ಉದ್ದೇಶವೇನು? ಕಾಯಿಲೆಯನ್ನು ಗುಣಪಡಿಸುವುದೋ, ಕೆಲವು ತಿಂಗಳು ಆಯುಷ್ಯ ಹೆಚ್ಚಿಸುವುದೋ, ತೊಂದರೆಗಳನ್ನು ಕಡಿಮೆ ಮಾಡುವುದೋ? ಈ ಮೂರೂ ಒಳ್ಳೆಯ ಉದ್ದೇಶಗಳೇ. ಆದರೆ ಒಂದನ್ನು ಇನ್ನೊಂದು ಎಂದು ತಿಳಿದು ತೋಟ ಅಡವಿಡುವ ಸ್ಥಿತಿ ಬರಬಾರದು.

4. ಕಿಮೋಥೆರಪಿ ತಡೆದುಕೊಳ್ಳುವ ಶಕ್ತಿ ರೋಗಿಗೆ ಇದೆಯೆ? ಕೊಡದಿದ್ದರೆ ಏನಾಗುತ್ತದೆ? ಎಷ್ಟು ಸಲ ಬರಬೇಕು? ರಕ್ತ ಪರೀಕ್ಷೆಯಂಥ ಯಾವ ಭಾಗವನ್ನು ಹತ್ತಿರದಲ್ಲೇ ಮಾಡಿಸಬಹುದು?

5. ವಂಶವಾಹಿಯ ಪರೀಕ್ಷೆ ಬೇಕೆ? ಸುಮಾರು 100ರಲ್ಲಿ 10 ಮಂದಿಯಲ್ಲಿ ಕಾಯಿಲೆ ಕುಟುಂಬದಲ್ಲಿ ಹರಿದುಬಂದಿರುತ್ತದೆ. ಕೆಲವರಿಗೆ ಇದರಿಂದ ಔಷಧಿಯ ಆಯ್ಕೆಯೂ ಬದಲಾಗುತ್ತದೆ.

6. ರಾತ್ರಿ ಹೊತ್ತು ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು? ಘಟ್ಟದ ಬುಡದ ಊರಿನವರಿಗೆ, ಮಳೆಗಾಲದಲ್ಲಂತೂ, ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ.

ಹೇಳುವುದು ಹೇಗೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಮುಚ್ಚಿಟ್ಟರೆ ಆಗುವ ನಷ್ಟಗಳು ಮೂರು. ಏನಾಗಿದೆ ಎಂದು ತಿಳಿಯದ ರೋಗಿ ಕಿಮೋಥೆರಪಿಯಂಥ ಕಷ್ಟದ ಚಿಕಿತ್ಸೆ ಯಾಕೆ ಎಂದು ಅರಿಯದೆ ಅರ್ಧಕ್ಕೆ ಬಿಡುತ್ತಾರೆ. ಎರಡನೆಯದು, ಜಮೀನು, ಬ್ಯಾಂಕು, ಸಾಲ, ಹರಕೆ, ಮಗಳ ಮನೆಯ ವಿಷಯ ಹೀಗೆ ಅವರೇ ತೀರ್ಮಾನಿಸಬೇಕಾದ ಎಷ್ಟೋ ಸಂಗತಿಗಳು ಅವರ ಕೈತಪ್ಪಿ ಹೋಗುತ್ತವೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಹೆಚ್ಚಿನ ರೋಗಿಗಳು ಹೇಗೂ ಊಹಿಸಿರುತ್ತಾರೆ. ಮಕ್ಕಳಿಗೆ ನೋವಾಗದಿರಲಿ ಎಂದು ಅವರೂ ಗೊತ್ತಿಲ್ಲದಂತೆ ನಟಿಸುತ್ತಾರೆ. ಭಯವನ್ನು ಹೇಳಿಕೊಳ್ಳಲು ಮನೆತುಂಬ ಜನವಿದ್ದೂ ಒಬ್ಬರೂ ಇಲ್ಲದಂತಾಗುತ್ತದೆ.

ಹಾಗೆಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಬೇಕೆಂದಲ್ಲ. ಮೊದಲು ಅವರಿಗೆ ಎಷ್ಟು ಗೊತ್ತಿದೆ ಎಂದು ಕೇಳಿ: ‘ಡಾಕ್ಟರು ಹೇಳಿದ್ದರಿಂದ ನಿಮಗೆ ಏನು ಅನಿಸಿತು, ಅಪ್ಪಯ್ಯ?’ ಆಮೇಲೆ ಎಷ್ಟು ತಿಳಿಯಲು ಇಷ್ಟ ಎಂದು ಕೇಳಿ: ‘ವರದಿಯ ವಿಷಯ ನಿಮಗೆ ಪೂರ್ತಿ ತಿಳಿಯಬೇಕೋ, ನಾವು ನೋಡಿಕೊಂಡರೆ ಸಾಕೋ?’ ಕೆಲವರು ‘ನನಗೆ ಏನೂ ಹೇಳಬೇಡ, ನೀವೇ ನೋಡಿ’ ಎನ್ನುತ್ತಾರೆ. ಅದನ್ನೂ ಗೌರವಿಸಬೇಕು. ಆದರೆ ಹಾಗೆ ಹೇಳುವ ಹಕ್ಕು ಅವರದು. ಅವರ ಪರವಾಗಿ ನಾವು ಹೇಳುವಂಥದ್ದಲ್ಲ.

ತಿಳಿಯಬೇಕು ಎಂದರೆ ಸರಳವಾದ ಮಾತಿನಲ್ಲಿ ಹೇಳಿ. ‘ಹೊಟ್ಟೆಯ ಒಳಗೆ ಒಂದು ಗಡ್ಡೆ ಇದೆ. ಅದು ಕ್ಯಾನ್ಸರ್ ಜಾತಿಯದ್ದು. ಪೂರ್ತಿ ತೆಗೆಯುವುದು ಕಷ್ಟ ಎಂದಿದ್ದಾರೆ. ನೋವಿಗೆ, ಊಟಕ್ಕೆ, ಕಾಮಾಲೆಗೆ ಮದ್ದಿದೆ. ನಾವು ಜೊತೆಗಿದ್ದೇವೆ.’ ಇಷ್ಟು ಹೇಳಿ ಸುಮ್ಮನಾಗಿ. ಅವರು ಅತ್ತರೆ ಅಳಲಿ. ಸಿಟ್ಟು ಬಂದರೆ ಬರಲಿ. ಎರಡು ದಿನ ಬಿಟ್ಟು ಮತ್ತೆ ಕೇಳುತ್ತಾರೆ, ಆಗ ಉಳಿದದ್ದು ಹೇಳಿದರಾಯಿತು. ‘ಇನ್ನೆಷ್ಟು ದಿನ?’ ಎಂದು ಕೇಳಿದರೆ ಲೆಕ್ಕ ಹೇಳಲು ಹೋಗಬೇಡಿ. ‘ಯಾರಿಗೂ ಖಚಿತವಾಗಿ ಹೇಳಲಾಗದು, ಯಾಕೆ ಕೇಳುತ್ತೀರಿ?’ ಎಂದು ವಿಚಾರಿಸಿ. ಆ ಪ್ರಶ್ನೆಯ ಹಿಂದೆ ಒಂದು ಆಸೆ ಇರುತ್ತದೆ. ಮೊಮ್ಮಗಳ ಮದುವೆ ಇರಬಹುದು, ಕಮಲಶಿಲೆ ದೇವಸ್ಥಾನಕ್ಕೆ ಹೋಗಿಬರುವುದು ಇರಬಹುದು, ಬಾಕಿ ಉಳಿದ ಹರಕೆಯ ಆಟ ಇರಬಹುದು. ಹೇಳಲು ಮನೆಯವರಿಗೆ ಬಾಯಿ ಬಾರದಿದ್ದರೆ ಡಾಕ್ಟರನ್ನೇ ಹೇಳುವಂತೆ ಕೋರಬಹುದು. ಜೊತೆಗೆ ಒಬ್ಬರು ಕುಳಿತಿದ್ದರೆ ಸಾಕು.

ನೆರೆಯ ಗೋವಾದ ಮುಖ್ಯಮಂತ್ರಿಯಾಗಿದ್ದ ಮನೋಹರ ಪರ್ರೀಕರ್ ಅವರು 2018ರ ಫೆಬ್ರವರಿಯಲ್ಲಿ ಅಸ್ವಸ್ಥರಾದರು. ಅದು ಮೇದೋಜೀರಕದ ಕ್ಯಾನ್ಸರ್ ಎಂದು ಸರ್ಕಾರ ಬಹಿರಂಗವಾಗಿ ಹೇಳಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಕಾಯಿಲೆಯ ಸುದ್ದಿ ಹೊರಬಂದ ಮೇಲೆಯೂ ಅವರು ಮೂಗಿನ ನಳಿಕೆಯೊಂದಿಗೇ 2019ರ ಜನವರಿಯಲ್ಲಿ ವಿಧಾನಸಭೆಗೆ ಬಂದು ಬಜೆಟ್ ಮಂಡಿಸಿದರು. ಮಾರ್ಚ್ 17ರಂದು, 63ನೇ ವಯಸ್ಸಿನಲ್ಲಿ ತೀರಿಕೊಂಡರು. ಹುದ್ದೆಯ ಮಾತು ಬಿಡೋಣ. ತನ್ನ ಕಾಯಿಲೆ ತಿಳಿದಿರುವ ಮನುಷ್ಯ ತನಗೆ ಮುಖ್ಯವೆನಿಸಿದ ಕೆಲಸವನ್ನು ಆರಿಸಿಕೊಳ್ಳಬಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಊಟದ ಜಗಳ ಬೇಡ

ಈ ಕಾಯಿಲೆಯ ಮನೆಗಳಲ್ಲಿ ದಿನಾ ನಡೆಯುವ ಜಗಳ ಊಟದ್ದು. ‘ಎರಡು ತುತ್ತಾದರೂ ತಿನ್ನಿ’ ಎಂದು ಅಮ್ಮ, ‘ಸೇರುವುದಿಲ್ಲ’ ಎಂದು ಅಪ್ಪ. ಹಸಿವೆ ಹೋಗುವುದು ಹಟದಿಂದಲ್ಲ, ಕಾಯಿಲೆಯಿಂದ. ಬಲವಂತ ಮಾಡಿದರೆ ವಾಂತಿಯೇ ಹೆಚ್ಚು. ಮೂರು ದೊಡ್ಡ ಊಟದ ಬದಲು ಆರೇಳು ಸಲ ಸ್ವಲ್ಪ ಸ್ವಲ್ಪ ಕೊಡಿ. ಕುಚ್ಚಲಕ್ಕಿ ಗಂಜಿಗೆ ಹೆಸರುಬೇಳೆ, ಮೊಸರು, ಮೊಟ್ಟೆ ಅಥವಾ ಮೀನು ತಿನ್ನುವವರಾದರೆ ಅದು, ರಾಗಿ ಮಣ್ಣಿ, ಬಾಳೆಹಣ್ಣು, ಹೀಗೆ ಅವರಿಗೆ ಸೇರುವುದನ್ನು ಸೇರುವ ಹೊತ್ತಿಗೆ ಕೊಟ್ಟರಾಯಿತು. ‘ಸಿಹಿ ಬಿಟ್ಟರೆ ಗಡ್ಡೆ ಕರಗುತ್ತದೆ’, ‘ಬರೀ ರಸ ಕುಡಿದರೆ ವಾಸಿಯಾಗುತ್ತದೆ’ ಎಂಬ ಸಲಹೆಗಳಿಗೆ ಆಧಾರವಿಲ್ಲ. ಈಗಾಗಲೇ ಬಡಕಲಾದ ದೇಹವನ್ನು ಉಪವಾಸ ಕೆಡವುವುದು ಅಪಾಯ. ಸಕ್ಕರೆ ಕಾಯಿಲೆಯೂ ಇದ್ದರೆ ಅದನ್ನು ಇನ್ಸುಲಿನ್, ಮಾತ್ರೆಗಳಿಂದ ಹೊಂದಿಸುವುದು ಡಾಕ್ಟರ ಕೆಲಸ. ಊಟ ಕಡಿತ ಮಾಡುವುದು ಬೇಡ.

ತಿಂದದ್ದು ಅರಗದೆ ಎಣ್ಣೆಯಂತೆ ಹೊರಗೆ ಹೋಗುತ್ತಿದ್ದರೆ ಡಾಕ್ಟರಲ್ಲಿ ಹೇಳಲೇಬೇಕು. ಗ್ರಂಥಿಯ ರಸದ ಬದಲಿಗೆ ಕೊಡುವ ಕ್ಯಾಪ್ಸೂಲುಗಳಿವೆ. ಅವನ್ನು ಊಟದ ಜೊತೆಯಲ್ಲೇ ನುಂಗಬೇಕು, ಮೊದಲೋ ಆಮೇಲೋ ಅಲ್ಲ. ತೂಕ ನಿಲ್ಲಲು, ಹೊಟ್ಟೆಯುಬ್ಬರ ಇಳಿಯಲು ಇವು ಚೆನ್ನಾಗಿ ಸಹಾಯ ಮಾಡುತ್ತವೆ. ಆದರೆ ಇವನ್ನು ತಯಾರಿಸುವುದು ಹಂದಿಯ ಗ್ರಂಥಿಯಿಂದ. ಸಸ್ಯಾಹಾರಿಗಳಿಗೂ, ಮುಸ್ಲಿಮರಿಗೂ ಇದು ಮನಸ್ಸಿನ ಪ್ರಶ್ನೆ. ಇಲ್ಲಿಯೂ ವಿಷಯ ತಿಳಿಸಿ ರೋಗಿಯನ್ನೇ ಕೇಳಬೇಕು. ಔಷಧವೆಂದು ಒಪ್ಪಿಕೊಳ್ಳುವವರು ಬಹಳ ಮಂದಿ. ಒಪ್ಪದವರ ತೀರ್ಮಾನವೂ ಅವರದೇ.

ನೋವು ಸಹಿಸಬೇಕಾಗಿಲ್ಲ

ಕಾಮಾಲೆ, ತುರಿಕೆಗಳಿಗೆ ಎಂಡೋಸ್ಕೋಪಿಯ ಮೂಲಕ ಪಿತ್ತನಾಳದಲ್ಲಿ ಸ್ಟೆಂಟ್ ಎಂಬ ಸಣ್ಣ ಕೊಳವೆ ಇಡುತ್ತಾರೆ. ಕೆಲವೇ ದಿನಗಳಲ್ಲಿ ತುರಿಕೆ ಇಳಿಯುತ್ತದೆ, ರೋಗಿಗೆ ನಿದ್ದೆ ಬರುತ್ತದೆ. ಪ್ಲಾಸ್ಟಿಕ್ ಸ್ಟೆಂಟ್ ಸುಮಾರು ಮೂರು ತಿಂಗಳಲ್ಲಿ ಕಟ್ಟಿಕೊಳ್ಳಬಹುದು, ಲೋಹದ್ದು ಹೆಚ್ಚು ಕಾಲ ಬಾಳುತ್ತದೆ. ಯಾವುದನ್ನು ಹಾಕಿದ್ದಾರೆ, ಯಾವ ದಿನ ಹಾಕಿದ್ದಾರೆ ಎಂಬುದನ್ನು ನೋಟ್ ಪುಸ್ತಕದಲ್ಲಿ ಬರೆದಿಡಿ.

ನೋವಿಗೆ ಒಳ್ಳೆಯ ಔಷಧ ಮಾರ್ಫಿನ್ ಮಾತ್ರೆ. ಇದರ ಹೆಸರು ಕೇಳಿದರೆ ‘ಚಟ ಹಿಡಿಯುತ್ತದೆ’, ‘ಅದು ಸಾಯುವವರಿಗೆ ಕೊಡುವ ಮದ್ದು’ ಎಂದು ಹೆದರುವವರೇ ಹೆಚ್ಚು. ವೈದ್ಯರು ಹೇಳಿದ ಪ್ರಮಾಣದಲ್ಲಿ ಕ್ಯಾನ್ಸರ್ ನೋವಿಗೆ ತೆಗೆದುಕೊಂಡರೆ ಚಟದ ಭಯ ಬಹಳ ಕಡಿಮೆ. ಸಾಮಾನ್ಯ ಮಾತ್ರೆಯ ಪರಿಣಾಮ ಸುಮಾರು ನಾಲ್ಕು ಗಂಟೆ ಇರುವುದರಿಂದ ನೋವು ಬರಲಿ ಎಂದು ಕಾಯದೆ ಗಡಿಯಾರ ನೋಡಿ ಕೊಡಬೇಕು. ಮಲಬದ್ಧತೆ ಆಗಿಯೇ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಮದ್ದು ಕೇಳಿ ಪಡೆಯಿರಿ. ಮಕ್ಕಳ ಕೈಗೆ ಸಿಗದಂತೆ ಮಾತ್ರೆಗಳನ್ನು ಬೀಗದಲ್ಲಿಡಿ. ಮಾತ್ರೆಗೂ ಜಗ್ಗದ ನೋವಿಗೆ ಹೊಟ್ಟೆಯ ಹಿಂದಿನ ನರಜಾಲಕ್ಕೆ ಚುಚ್ಚುಮದ್ದು ಕೊಟ್ಟು ನೋವಿನ ದಾರಿಯನ್ನೇ ಮುಚ್ಚುವ ವಿಧಾನವೂ ಇದೆ. ಕಾನೂನಿನ ಬಿಗಿಯಿಂದ ಮಾರ್ಫಿನ್ ಮೊದಲು ಸುಲಭವಾಗಿ ಸಿಗುತ್ತಿರಲಿಲ್ಲ. 2014ರಲ್ಲಿ ಮಾದಕ ವಸ್ತುಗಳ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳುವುದು ಸುಲಭವಾಗಿದೆ.

ಇಂಥ ಆರೈಕೆಗೆ ಉಪಶಮನ ಆರೈಕೆ ಅಥವಾ ಪ್ಯಾಲಿಯೇಟಿವ್ ಕೇರ್ ಎಂದು ಹೆಸರು. ‘ಕೈಬಿಟ್ಟ ಮೇಲೆ ಕಳುಹಿಸುವ ವಿಭಾಗ’ ಎಂದು ಇದನ್ನು ತಪ್ಪಾಗಿ ತಿಳಿದಿದ್ದಾರೆ. ಅಮೆರಿಕದ ಬೋಸ್ಟನ್ನಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಕಿತ್ಸೆಯ ಜೊತೆಗೆ ಆರಂಭದಿಂದಲೇ ಈ ಆರೈಕೆ ಪಡೆದವರು ಹೆಚ್ಚು ನೆಮ್ಮದಿಯಿಂದಿದ್ದರು. ಅಷ್ಟೇ ಅಲ್ಲ, ಸರಾಸರಿ ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ಬದುಕಿದರು. ನಮ್ಮ ನೆರೆಯ ಕೇರಳದ ಕೋಝಿಕೋಡಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಆರಂಭಿಸಿದ ಉಪಶಮನ ಸೇವೆ ಮುಂದೆ ಮನೆಮನೆಗೆ ಹೋಗಿ ನೋಡಿಕೊಳ್ಳುವ ಚಳವಳಿಯಾಗಿ ಬೆಳೆಯಿತು. ನಮ್ಮ ಜಿಲ್ಲೆಯಲ್ಲಿ ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಿಭಾಗವಿದೆ. ಬ್ರಹ್ಮಾವರ ಕಡೆಯ ಹಾವಂಜೆಯಲ್ಲಿ ಮಣಿಪಾಲದವರ ಹಾಸ್ಪೈಸ್ ಕೇಂದ್ರವಿದೆ. ಬೆಂಗಳೂರಿನಲ್ಲಿ 1999ರಿಂದ ಕರುಣಾಶ್ರಯ ಇಂಥ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿದೆ. ಕಾಯಿಲೆ ಪತ್ತೆಯಾದ ವಾರದಲ್ಲೇ ಈ ವಿಭಾಗದವರನ್ನು ಕಾಣಬಹುದು, ಕೊನೆಯ ವಾರದವರೆಗೆ ಕಾಯಬೇಕಾಗಿಲ್ಲ.

ಕೂಡಲೇ ಆಸ್ಪತ್ರೆಗೆ ಒಯ್ಯಬೇಕಾದ ಸಂದರ್ಭಗಳು

ಸ್ಟೆಂಟ್ ಹಾಕಿದವರಿಗೆ ಚಳಿಜ್ವರ ಬಂದರೆ ಅಥವಾ ಕಣ್ಣು ಮತ್ತೆ ಹಳದಿಯಾದರೆ ಅದು ನಾಳದ ಸೋಂಕು. ಕ್ರೋಸಿನ್ ಕೊಟ್ಟು ಬೆಳಗಿನವರೆಗೆ ಕಾಯುವುದು ಬೇಡ. ಒಂದು ಕಾಲು ಮಾತ್ರ ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ರಕ್ತ ಹೆಪ್ಪುಗಟ್ಟಿದ್ದರ ಸೂಚನೆ. ಈ ಕ್ಯಾನ್ಸರಿನಲ್ಲಿ ಇದು ಹೆಚ್ಚು. ತಿಂದದ್ದೆಲ್ಲ ವಾಂತಿಯಾಗುವುದು, ಕಪ್ಪು ಮಲ ಹೋಗುವುದು, ಕಿಮೋಥೆರಪಿ ನಡೆಯುತ್ತಿರುವಾಗ ಜ್ವರ ಬರುವುದು, ಇವು ಕೂಡ ತಡಮಾಡಬಾರದ ಸಂಗತಿಗಳು. 108 ಆಂಬುಲೆನ್ಸ್ ಬರುವಷ್ಟರಲ್ಲಿ ವರದಿಗಳ ಚೀಲ, ಔಷಧಿಗಳ ಪಟ್ಟಿ ಬಾಗಿಲ ಬಳಿ ಸಿದ್ಧವಿರಲಿ.

ಖರ್ಚಿನ ಲೆಕ್ಕ

ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಎ.ಪಿ.ಎಲ್. ಕುಟುಂಬಕ್ಕೂ ಒಂದು ಭಾಗ ಸಿಗುತ್ತದೆ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ ಕುಂದಾಪುರದ ತಾಲೂಕು ಆಸ್ಪತ್ರೆಯಲ್ಲೋ, ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲೋ ಮೊದಲೇ ವಿಚಾರಿಸಿ. ದಾಖಲಾದ ಮೇಲೆ ಓಡಾಡುವುದಕ್ಕಿಂತ ಇದು ಸುಲಭ. ಬೆಂಗಳೂರಿನಲ್ಲಿ 1973ರಿಂದ ಇರುವ ಕಿದ್ವಾಯಿ ಸಂಸ್ಥೆ ಸರ್ಕಾರದ್ದೇ. ಆದರೆ ಚಿಕಿತ್ಸೆಯ ಜೊತೆಗೆ ಅಲ್ಲಿನ ವಾಸದ ಖರ್ಚನ್ನೂ ಲೆಕ್ಕಹಾಕಬೇಕು. ಇಲ್ಲಿ ಸಿಗುವ ಚಿಕಿತ್ಸೆಯೇ ಅಲ್ಲೂ ಸಿಗುವುದಾದರೆ, ಬಳಲಿದ ರೋಗಿಯನ್ನು ಅಷ್ಟು ದೂರ ಒಯ್ಯುವುದರಿಂದ ಲಾಭವೇನು ಎಂದು ಡಾಕ್ಟರನ್ನು ಕೇಳಿ.

ನಾಟಿ ವೈದ್ಯರ ಮದ್ದನ್ನೂ ಕೊಡುತ್ತಿದ್ದರೆ ಆಸ್ಪತ್ರೆಯಲ್ಲಿ ಮುಚ್ಚಿಡಬೇಡಿ. ಕೆಲವು ಕಷಾಯಗಳು ಕಿಮೋಥೆರಪಿಯೊಂದಿಗೆ ಸೇರಿ ಯಕೃತ್ತಿಗೆ ಹಾನಿ ಮಾಡಬಹುದು. ಹರಕೆ, ಪೂಜೆ ಮನಸ್ಸಿಗೆ ಧೈರ್ಯ ಕೊಡುವುದಾದರೆ ಕೊಡಲಿ. ಅದಕ್ಕಾಗಿ ಚಿಕಿತ್ಸೆಯ ದಿನ ಮುಂದೂಡದಿದ್ದರೆ ಸರಿ.

ನೋಡಿಕೊಳ್ಳುವವರನ್ನು ನೋಡಿಕೊಳ್ಳುವವರು ಯಾರು?

ಹೆಚ್ಚಿನ ಮನೆಗಳಲ್ಲಿ ಭಾರವೆಲ್ಲ ಒಬ್ಬ ಹೆಂಗಸಿನ ಮೇಲೆ ಬೀಳುತ್ತದೆ. ಅಮ್ಮ, ಇಲ್ಲವೆ ಸೊಸೆ. ರಾತ್ರಿ ನಿದ್ದೆಯಿಲ್ಲ, ಹಗಲು ಹಟ್ಟಿ, ಅಡುಗೆ, ಬಂದು ಹೋಗುವವರಿಗೆ ಕಾಫಿ. ದೂರದಲ್ಲಿರುವ ಮಕ್ಕಳು ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ‘ಯಾಕೆ ಹಾಗೆ ಮಾಡಲಿಲ್ಲ’ ಎಂದು ಕೇಳುವ ಬದಲು ಸಹಾಯವನ್ನು ಹಂಚಿಕೊಳ್ಳಬೇಕು. ಒಬ್ಬರು ಹಣದ ಲೆಕ್ಕ, ಒಬ್ಬರು ಡಾಕ್ಟರೊಂದಿಗೆ ಮಾತು, ಒಬ್ಬರು ತಿಂಗಳಲ್ಲಿ ಒಂದು ವಾರ ರಜೆ ಹಾಕಿ ಬಂದು ರಾತ್ರಿಯ ಪಾಳಿ. ಡಾಕ್ಟರೊಂದಿಗೆ ಮಾತಾಡುವವರು ಒಬ್ಬರೇ ಆದರೆ ಗೊಂದಲ ಕಡಿಮೆ.

ಈ ಕಾಯಿಲೆಯಲ್ಲಿ ರೋಗಿಗೆ ಖಿನ್ನತೆ ಬರುವುದು ಬಹಳ ಸಾಮಾನ್ಯ. ಕೆಲವೊಮ್ಮೆ ಕಾಯಿಲೆ ಪತ್ತೆಯಾಗುವ ಮೊದಲೇ ಮಂಕು ಕವಿದಿರುತ್ತದೆ. ಇದಕ್ಕೂ ಔಷಧವಿದೆ. ರೋಗಿಗಾಗಲಿ, ನೋಡಿಕೊಳ್ಳುವವರಿಗಾಗಲಿ ಮನಸ್ಸು ತೀರಾ ಕುಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಅವರ ಇಷ್ಟವನ್ನು ಬರೆದಿಡಿ

ಕೊನೆಯ ಹಂತದಲ್ಲಿ ವೆಂಟಿಲೇಟರ್ ಹಾಕಬೇಕೆ, ಮನೆಯಲ್ಲೇ ಇರಬೇಕೆ ಎಂಬ ಪ್ರಶ್ನೆ ಬಂದಾಗ ಮಕ್ಕಳಲ್ಲೇ ಜಗಳವಾಗುವುದುಂಟು. ಆ ಹೊತ್ತಿಗೆ ರೋಗಿಗೆ ಉತ್ತರ ಹೇಳುವ ಶಕ್ತಿ ಇರುವುದಿಲ್ಲ. ಬುದ್ಧಿ ಸ್ಥಿಮಿತದಲ್ಲಿರುವಾಗಲೇ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರ ಮಾರ್ಚ್ 9ರ ತೀರ್ಪಿನಲ್ಲಿ ಒಪ್ಪಿದೆ. 2023ರಲ್ಲಿ ಇದರ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ಕಾಗದ ಮಾಡಿಸದಿದ್ದರೂ ಅಡ್ಡಿಯಿಲ್ಲ. ‘ತೀರಾ ಹೆಚ್ಚಾದರೆ ನಿಮ್ಮನ್ನು ಎಲ್ಲಿ ಇಟ್ಟುಕೊಳ್ಳಬೇಕು?’ ಎಂದು ಒಮ್ಮೆ ಕೇಳಿ, ಮನೆಮಂದಿಯೆಲ್ಲ ಕೇಳಿಸಿಕೊಂಡಿದ್ದರೂ ಬಹಳ ಉಪಕಾರವಾಗುತ್ತದೆ. ‘ನನ್ನ ಚಾವಡಿಯಲ್ಲೇ’ ಎನ್ನುವವರು ನಮ್ಮ ಹಳ್ಳಿಗಳಲ್ಲಿ ಬಹಳ.

ಮೇದೋಜೀರಕದ ಕ್ಯಾನ್ಸರಿನಲ್ಲಿ ಕಾಲಾವಕಾಶ ಕಡಿಮೆ ಇರಬಹುದು. ಆ ಕಾಲ ತಿಂಗಳುಗಳದ್ದೋ, ವರ್ಷಗಳದ್ದೋ, ಅದು ರೋಗಿಯ ಕಾಲ. ಗುಣಪಡಿಸಲಾಗದ ಕಡೆಯೂ ತುರಿಕೆ ಇಳಿಸಬಹುದು, ನೋವು ತಗ್ಗಿಸಬಹುದು, ನಿದ್ದೆ ಬರಿಸಬಹುದು, ಆಸೆಯೊಂದನ್ನು ಪೂರೈಸಬಹುದು. ಇವೆಲ್ಲ ನಡೆಯಬೇಕಾದರೆ ಮನೆಯ ಮಾತುಕತೆಯಲ್ಲಿ ಅವರಿಗೂ ಜಾಗವಿರಬೇಕು. ಇಂಥ ವರದಿಯೊಂದು ನಿಮ್ಮ ಮನೆಯ ಕಪಾಟಿನಲ್ಲಿ ಬಚ್ಚಿಟ್ಟುಕೊಂಡಿದ್ದರೆ, ಇವತ್ತು ಸಂಜೆ ಅಪ್ಪನ ಪಕ್ಕದಲ್ಲಿ ಕುಳಿತು ‘ನಿಮಗೆ ಏನನಿಸುತ್ತದೆ?’ ಎಂದು ಕೇಳಿ. ಆಮೇಲೆ ಅವರು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ.